ಮೊದಲು ಊಟ, ಆಮೇಲೆ ಲೆಕ್ಕ

ಯೌವನಸ್ಥರ ಆರಾಧನೆಯ ಸಂದೇಶ
ವಾಕ್ಯಭಾಗ: ಲೂಕ 22:31–34, 54–62, ಯೋಹಾನ 21:1–19

 

ಈ ದಿನದ ವಾಕ್ಯ ಮುಂದಿನ ಸಾಲಿನಲ್ಲಿ ಕೈ ಎತ್ತಿ ಹಾಡುತ್ತಿದ್ದವರಿಗೂ ಇದೆ. ಆದರೆ ಮೊದಲು ಇದು ಹಿಂದಿನ ಸಾಲಿನಲ್ಲಿ ಕೂತವರಿಗೆ. ಹಾಡು ಮುಗಿದ ಮೇಲೆ ಬಂದು, ಆಶೀರ್ವಾದ ಹೇಳೋದಕ್ಕೆ ಮೊದಲೇ ಎದ್ದು ಹೋಗುವವರಿಗೆ. ಶನಿವಾರ ರಾತ್ರಿ ಏನೋ ಆಗಿ, ಭಾನುವಾರ ಬೆಳಿಗ್ಗೆ 'ನಾನು ಯಾವ ಮುಖ ಇಟ್ಟುಕೊಂಡು ಸಭೆಗೆ ಹೋಗಲಿ' ಅಂತ ಪಿಜಿಯಲ್ಲೇ ಮಲಗಿಕೊಂಡು, ಮೊಬೈಲಿನಲ್ಲಿ ಈ ಸಂದೇಶ ಓದುತ್ತಿರುವವರಿಗೆ. ತಮ್ಮಾ, ತಂಗೀ, ಕರ್ತನು ನಿನ್ನ ಹೆಸರು ಮರೆತಿಲ್ಲ. ಆಮೆನ್?

ನನ್ನ ಊರು ಜೇವರ್ಗಿ ತಾಲೂಕಿನ ಕೊಳಕೂರ. ಇಲ್ಲಿ ಕೂತಿರೋರಲ್ಲಿ ಬಹಳ ಜನ ನಮ್ಮ ಕಡೆಯವರೇ ಇದ್ದೀರಿ. ಆಳಂದ, ಅಫಜಲಪುರ, ಜೇವರ್ಗಿಯಿಂದ ಕೆಲಸಕ್ಕೆ, ಓದೋದಕ್ಕೆ ಬೆಂಗಳೂರಿಗೆ ಬಂದವರು. ಊರಲ್ಲಿದ್ದಾಗ ಸಂಡೇ ಸ್ಕೂಲಿನಲ್ಲಿ ಬಹುಮಾನ ತೊಗೊಂಡವರು. ಇಲ್ಲಿ ನಮ್ಮನ್ನ ನೋಡೋರು ಯಾರೂ ಇಲ್ಲ. ಊರಿನ ಕಣ್ಣು ಇಲ್ಲದ ಕಡೆ ನಾವು ಯಾರು ಅನ್ನೋದು ಹೊರಗೆ ಬರುತ್ತೆ. ಪೇತ್ರನಿಗೂ ಹಾಗೇ ಆಯಿತು. ಗಲಿಲಾಯದಲ್ಲಿ ಅವನು ದೊಡ್ಡ ಶಿಷ್ಯ. ಯೆರೂಸಲೇಮಿನಲ್ಲಿ, ಒಂದು ರಾತ್ರಿ, ಬೆಂಕಿ ಕಾಯಿಸುವ ಅಪರಿಚಿತರ ನಡುವೆ ಅವನ ಬಣ್ಣ ಬಯಲಾಯಿತು.

1. ಪೇತ್ರನು ಒಂದೇ ಸಲ ಬೀಳಲಿಲ್ಲ

ಪೇತ್ರನು ಕೋಳಿ ಕೂಗುವ ಹೊತ್ತಿಗೆ ಬಿದ್ದ ಅಂತ ನಾವು ಅಂದುಕೊಳ್ತೀವಿ. ಇಲ್ಲ ದೇವಜನರೇ. ಅವನು ಊಟದ ಮೇಜಿನ ಹತ್ತಿರವೇ ಜಾರೋದಕ್ಕೆ ಶುರುಮಾಡಿದ್ದ. ಉಳಿದವರೆಲ್ಲ ಬಿದ್ದರೂ ತಾನು ಮಾತ್ರ ಬೀಳೋದಿಲ್ಲ ಅಂತ ಎಲ್ಲರ ಮುಂದೆ ಹೇಳಿಬಿಟ್ಟ. ಅದು ಮೊದಲನೇ ಮೆಟ್ಟಿಲು: ಬೇರೆಯವರಿಗಿಂತ ನಾನು ಮೇಲು ಅನ್ನೋದು.

ಎರಡನೇದು, ಗೆತ್ಸೇಮನೆ ತೋಟ. ಪ್ರಾರ್ಥನೆ ಮಾಡು ಅಂದಾಗ ಮಲಗಿದ. ಮೂರನೇದು, ಎಚ್ಚರ ಆದಮೇಲೆ ಕತ್ತಿ ಹಿಡಿದು ಒಬ್ಬ ಆಳಿನ ಕಿವಿ ಕತ್ತರಿಸಿದ. ಪ್ರಾರ್ಥನೆ ಮಾಡದವನು ಹೀಗೇ ಮಾಡೋದು, ಬೇಡದ ಕಡೆ ಶೌರ್ಯ ತೋರಿಸ್ತಾನೆ. ನಾಲ್ಕನೇದು, ಯೇಸುವನ್ನು ಹಿಡಿದುಕೊಂಡು ಹೋದಾಗ ದೂರದಿಂದ ಹಿಂಬಾಲಿಸಿದ. ಬಿಟ್ಟು ಹೋಗಲಿಲ್ಲ, ಹತ್ತಿರಕ್ಕೂ ಹೋಗಲಿಲ್ಲ. ಆನ್‌ಲೈನಲ್ಲಿ ಮಾತ್ರ ಆರಾಧನೆ ನೋಡ್ತೀನಿ, ಯಾರೂ ನನ್ನನ್ನ ಏನೂ ಕೇಳಬಾರದು ಅನ್ನೋ ಸ್ಥಿತಿ ಅದು. ಐದನೇದು, ಚಳಿಗೆ ಕೆಂಡದ ಬೆಂಕಿ ಹತ್ತಿರ ಕೂತ. ಬೆಂಕಿ ಯಾರದ್ದು? ಯೇಸುವನ್ನು ಹಿಡಿದುತಂದವರದ್ದು.

ಆಮೇಲೆ ಪ್ರಶ್ನೆ ಕೇಳಿದ್ದು ಯಾರು? ಸೈನ್ಯಾಧಿಪತಿ ಅಲ್ಲ, ಮೊದಲು ಕೇಳಿದ್ದು ಒಬ್ಬ ದಾಸಿ. ಕೊನೆಗೆ ಅಲ್ಲಿದ್ದವರು ಹಿಡಿದದ್ದು ಅವನ ಮಾತಿನ ಧಾಟಿಯನ್ನ! ಮತ್ತಾಯ 26:73 ನೋಡಿ. ಅವನ ಮಾತೇ ಅವನು ಎಲ್ಲಿಯವನು ಅಂತ ತೋರಿಸಿಕೊಟ್ಟಿತು. ಇದು ನಮಗೆ ಬೇಗ ಅರ್ಥ ಆಗುತ್ತೆ. ಆಫೀಸಿನಲ್ಲಿ ಒಂದು ಸಲ 'ಹೌದ್ರಿ, ಬರ್ಲಿಕ್ಕತ್ತೀನ್ರಿ' ಅಂದ್ರೆ ಸಾಕು, 'ನೀವು ಗುಲಬರ್ಗಾ ಕಡೆಯವರಾ' ಅಂತ ತಿರುಗಿ ನೋಡ್ತಾರೆ. ಕೆಲವರು ಆವತ್ತಿನಿಂದ ಮಾತನ್ನೇ ಬದಲಾಯಿಸಿಕೊಳ್ತಾರೆ. ಪೇತ್ರನೂ ಮಾತು ಬದಲಾಯಿಸಿದ. ಶಪಿಸಿಕೊಂಡ, ಆಣೆ ಇಟ್ಟ. ಯೇಸುವಿನ ಜೊತೆ ಮೂರು ವರ್ಷ ಇದ್ದ ಬಾಯಿ ಯೇಸು ಅಂದ್ರೆ ಯಾರು ಅಂತ ಕೇಳಿತು.

ಇದನ್ನ ಯಾಕೆ ಬಿಡಿಸಿ ಹೇಳ್ತಿದ್ದೀನಿ? ನಿನ್ನ ಬೀಳುವಿಕೆಗೂ ಮೆಟ್ಟಿಲುಗಳು ಇದ್ದವು. 'ಅದು ಹೇಗೋ ಆಗಿಹೋಯಿತು ಪಾಸ್ಟರ್' ಅಂತ ನನ್ನ ಹತ್ತಿರ ಬರೋರು ಹೇಳ್ತಾರೆ. ಹೇಗೋ ಆಗಿರೋದಿಲ್ಲ. ಪ್ರಾರ್ಥನೆ ನಿಂತಿತ್ತು, ದೂರದಿಂದ ಹಿಂಬಾಲಿಸ್ತಾ ಇದ್ದೆ, ಯಾರದೋ ಬೆಂಕಿ ಹತ್ತಿರ ಮೈ ಕಾಯಿಸಿಕೊಳ್ತಾ ಇದ್ದೆ. ಕ್ಷಮಾಪಣೆ ಪಡೆದ ಮೇಲೂ ಆ ಮೆಟ್ಟಿಲುಗಳನ್ನ ಗುರುತಿಸಿಕೊಳ್ಳದೇ ಇದ್ದರೆ ಮತ್ತೆ ಅದೇ ಕಡೆ ಜಾರ್ತೀವಿ.

2. ಬೀಳುವ ಮೊದಲೇ ಪ್ರಾರ್ಥನೆ ಆಗಿತ್ತು

ಈಗ ಲೂಕ 22:32ಕ್ಕೆ ಬನ್ನಿ. ಇಲ್ಲಿ ನನ್ನ ಮನಸ್ಸು ಪ್ರತಿ ಸಲ ಕರಗುತ್ತೆ. ಪೇತ್ರನು ಬೀಳ್ತಾನೆ ಅಂತ ಯೇಸುವಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದ? ಅವನ ನಂಬಿಕೆ ಕುಂದಿಹೋಗಬಾರದು ಅಂತ ಅವನಿಗೋಸ್ಕರ ಆಗಲೇ ಪ್ರಾರ್ಥಿಸಿ ಮುಗಿಸಿದ್ದ. ಅಷ್ಟೇ ಅಲ್ಲ, ತಿರುಗಿಕೊಂಡ ಮೇಲೆ ಅವನು ಮಾಡಬೇಕಾದ ಕೆಲಸವನ್ನೂ ಹೇಳಿಟ್ಟ: ಸಹೋದರರನ್ನು ದೃಢಪಡಿಸಬೇಕು. ತಿರುಗಿಕೊಂಡ 'ಮೇಲೆ' ಅಂದ. ತಿರುಗಿಕೊಂಡ'ರೆ' ಅನ್ನಲಿಲ್ಲ. ಹಲ್ಲೆಲೂಯ!

ನಿನ್ನ ಪಾಪ ನಿನಗೆ ಆಶ್ಚರ್ಯ, ನಿನ್ನ ಅವ್ವ ಅಪ್ಪನಿಗೆ ಆಘಾತ, ಸಭೆಗೆ ಸುದ್ದಿ. ಕರ್ತನಿಗೆ ಅದು ಹೊಸ ಸಂಗತಿ ಅಲ್ಲ. ಅವನು ನಿನ್ನನ್ನು ಕರೆದಾಗ ನಿನ್ನ ಪೂರ್ತಿ ಲೆಕ್ಕ ಗೊತ್ತಿಟ್ಟುಕೊಂಡೇ ಕರೆದ.

ಅದೇ ರಾತ್ರಿ ಇನ್ನೊಬ್ಬನೂ ಬಿದ್ದ, ಯೂದ. ಅವನಿಗೂ ದುಃಖ ಆಯಿತು. ಮೂವತ್ತು ಬೆಳ್ಳಿ ನಾಣ್ಯ ವಾಪಸ್ ತಂದ, ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ. ಆದರೆ ಯಾರ ಹತ್ತಿರ ಹೇಳಿದ? ಅವನನ್ನು ಬಳಸಿಕೊಂಡ ಯಾಜಕರ ಹತ್ತಿರ. ಅವರು ಕೈ ತೊಳೆದುಕೊಂಡರು. ಪಾಪಕ್ಕೆ ಕರೆದವರು ಪಾಪ ಆದಮೇಲೆ ನಿನ್ನ ಜೊತೆ ನಿಲ್ಲೋದಿಲ್ಲ. ಪೇತ್ರನೂ ಅತ್ತ, ಯೂದನೂ ನೊಂದ. ಕಣ್ಣೀರಿನ ಅಳತೆಯಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಆಮೇಲೆ ಯಾರ ಕಡೆಗೆ ಹೋದರು ಅನ್ನೋದರಲ್ಲಿ. ಯೂದ ಒಂಟಿಯಾಗಿ ಹೊರಟುಹೋದ. ಪೇತ್ರ ಅತ್ತುಕೊಂಡು ಶಿಷ್ಯರ ನಡುವೆ ಉಳಿದ. ಮೂರನೇ ದಿನ ಸಮಾಧಿ ಖಾಲಿ ಅಂತ ಸುದ್ದಿ ಬಂದಾಗ ಅವನು ಅಲ್ಲೇ ಇದ್ದ, ಅದಕ್ಕೇ ಓಡೋದಕ್ಕೆ ಆಯಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ತೀನಿ, ದಯವಿಟ್ಟು ಕೇಳಿ. 'ನಾನು ಇಲ್ಲದೇ ಇದ್ದರೆ ಎಲ್ಲರಿಗೂ ಒಳ್ಳೇದು' ಅನ್ನೋ ಯೋಚನೆ ಯಾರಿಗಾದರೂ ಬರ್ತಾ ಇದ್ದರೆ, ಆ ದನಿ ಕರ್ತನದ್ದಲ್ಲ. ಒಂಟಿಯಾಗಿ ಇರಬೇಡ. ಈಗಲೇ ಪಕ್ಕದಲ್ಲಿ ಇರೋರಿಗೆ ಹೇಳು. ನಡುರಾತ್ರಿ ಆದರೂ ನನಗೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ನಿಮ್ಹಾನ್ಸ್ ಆಸ್ಪತ್ರೆ ಇದೇ ಊರಲ್ಲಿದೆ. ಪ್ರಾರ್ಥನೆನೂ ಮಾಡೋಣ, ಡಾಕ್ಟರ ಹತ್ತಿರವೂ ಹೋಗೋಣ. ವೈದ್ಯನಾದ ಲೂಕನಿಂದಲೇ ಸುವಾರ್ತೆ ಬರೆಸಿದ ದೇವರು ಅದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ.

3. ಎರಡನೇ ಕೆಂಡದ ಬೆಂಕಿ

ಈಗ ಯೋಹಾನ 21. ತಿಬೇರಿಯ ಸಮುದ್ರದ ದಡ. ಪೇತ್ರ ಮತ್ತೆ ಬಲೆ ಹಿಡಿದಿದ್ದಾನೆ, ಜೊತೆಗೆ ಆರು ಜನ. ರಾತ್ರಿಯೆಲ್ಲ ಒಂದು ಮೀನೂ ಸಿಗಲಿಲ್ಲ. ಬೆಳಗಾದಾಗ ದಡದಲ್ಲಿ ಯೇಸು. ಬಲೆ ತುಂಬ 153 ಮೀನು. ಪೇತ್ರ ನೀರಿಗೆ ಹಾರಿ ದಡಕ್ಕೆ ಬಂದ. ಬಂದು ನೋಡಿದರೆ ಅಲ್ಲಿ ಏನಿತ್ತು? ಕೆಂಡದ ಬೆಂಕಿ.

ಯೋಹಾನನು ಇಲ್ಲಿ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತೆ. ಒಂದು ಮಹಾಯಾಜಕನ ಅಂಗಳದಲ್ಲಿ, ಇನ್ನೊಂದು ಇಲ್ಲಿ. ಆ ಹೊಗೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಪೇತ್ರನ ಎದೆ ಹೇಗೆ ಹೊಡೆದುಕೊಂಡಿರಬೇಕು! ಕರ್ತನು ಅವನನ್ನು ಅದೇ ನೆನಪಿನ ಹತ್ತಿರ ಕರೆದುಕೊಂಡು ಬಂದ. ಆದರೆ ಈ ಬೆಂಕಿಯ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಊಟಕ್ಕೆ ಬನ್ನಿ ಅಂತ ಕರೆದ.

ನಮ್ಮ ಕಡೆ ಸಿಟ್ಟು ಇದ್ದವರ ಮನ್ಯಾಗ ನೀರೂ ಕುಡಿಯಂಗಿಲ್ಲ. ಹೌದಲ್ಲ? ಅಣ್ಣ ತಮ್ಮಂದಿರ ನಡುವೆ ಹೊಲದ ಬದುವಿಗೆ ಜಗಳ ಆದರೆ ಮದುವೆ ಕಾರ್ಡು ಕೊಟ್ಟರೂ ಊಟಕ್ಕೆ ಕೂಡಂಗಿಲ್ಲ. ಒಂದು ದಿನ ಬಂದು ಪಂಕ್ತಿಯಲ್ಲಿ ಕೂತು ರೊಟ್ಟಿ ಮುರಿದರೆ ಊರಿಗೆಲ್ಲ ಗೊತ್ತಾಗುತ್ತೆ, ಜಗಳ ಮುಗೀತು ಅಂತ. ಯೇಸು ಪೇತ್ರನಿಗೆ ಕೊಟ್ಟದ್ದು ಆ ರೊಟ್ಟಿ. ಪ್ರಶ್ನೆ ಕೇಳೋದಕ್ಕೆ ಮೊದಲು ಕೊಟ್ಟ. 15ನೇ ವಚನ ಗಮನಿಸಿ, ಊಟ ಆದಮೇಲೆ ಯೇಸು ಮಾತು ತೆಗೆದ. ಮೊದಲು ಊಟ, ಆಮೇಲೆ ಲೆಕ್ಕ. ನಾವು ಯಾವಾಗಲೂ ಇದನ್ನ ತಿರುಗಾಮುರುಗಾ ಮಾಡ್ತೀವಿ. 'ಮೊದಲು ಲೆಕ್ಕ ಚುಕ್ತಾ ಮಾಡು, ಆಮೇಲೆ ಊಟಕ್ಕೆ ಬಾ' ಅಂತೀವಿ. ದೇವರೂ ಹಾಗೇ ಅಂದುಕೊಳ್ತೀವಿ.

ಆಮೇಲೆ ಲೆಕ್ಕವೂ ಬಂತು, ಮರೆಯಬೇಡಿ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಪ್ರಶ್ನೆ: ತನ್ನ ಮೇಲೆ ಪ್ರೀತಿ ಇದೆಯಾ? ಪೇತ್ರನಿಗೆ ನೋವಾಯಿತು ಅಂತ ವಾಕ್ಯವೇ ಹೇಳುತ್ತೆ. ಕ್ಷಮಾಪಣೆ ಅಂದರೆ ಗಾಯದ ಮೇಲೆ ಬಟ್ಟೆ ಹೊದಿಸೋದಲ್ಲ, ಗಾಯ ತೊಳೆಯೋದು. ತೊಳೆಯುವಾಗ ಉರಿಯುತ್ತೆ. ಆದರೆ ಪ್ರಶ್ನೆ ಯಾವುದು ಅಂತ ನೋಡಿ. 'ಇನ್ನೊಂದು ಸಲ ಬೀಳಲ್ಲ ಅಂತ ಬರೆದುಕೊಡ್ತೀಯಾ' ಅಂತ ಕೇಳಲಿಲ್ಲ. ಪ್ರೀತಿಯ ಬಗ್ಗೆ ಕೇಳಿದ. ಪೇತ್ರನೂ ಈ ಸಲ ಬೇರೆಯವರ ಜೊತೆ ಹೋಲಿಸಿಕೊಳ್ಳಲಿಲ್ಲ. ನಿನಗೇ ಎಲ್ಲಾ ತಿಳಿದಿದೆ ಅಂದ, ಅಷ್ಟೇ. ಪ್ರತಿ ಉತ್ತರದ ಹಿಂದೆ ಒಂದು ಕೆಲಸ ಸಿಕ್ಕಿತು: ಕುರಿಗಳನ್ನು ನೋಡಿಕೋ.

ನಮ್ಮ ಎರೆಭೂಮಿ ನೀವು ನೋಡಿದ್ದೀರಿ. ಬ್ಯಾಸಿಗ್ಯಾಗ ಬಾಯಿ ಬಿಟ್ಟು ಬಿರಕ ಬಿಡ್ತದ, ಕಾಲು ಹೋಗುವಷ್ಟು. ನೋಡಿದವರು ಈ ಹೊಲ ಸತ್ತುಹೋಗಿದೆ ಅಂತಾರೆ. ರೈತನಿಗೆ ಗೊತ್ತು, ಮೊದಲ ಮಳೆ ಬಂದಾಗ ನೀರು ಆಳಕ್ಕೆ ಇಳಿಯೋದು ಆ ಬಿರುಕಿನಿಂದಲೇ. ಅದೇ ಹೊಲದಲ್ಲಿ ತೊಗರಿ ಬೆಳೀತೀವಿ. ಪೇತ್ರನ ಎದೆ ಬಿರಿದಿತ್ತು. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನ ಮಳೆ ಸುರಿದಾಗ, ಎದ್ದು ನಿಂತು ಪ್ರಸಂಗ ಮಾಡಿದವನು ಆ ಪೇತ್ರನೇ. ಒಬ್ಬ ದಾಸಿಗೆ ಹೆದರಿದವನು ಸಾವಿರಾರು ಜನರ ಮುಂದೆ ನಿಂತ. ಬಿರುಕು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಬಿರುಕಿನೊಳಗೂ ದೇವರು ನೀರು ಇಳಿಸ್ತಾನೆ ಅಂತ ಹೇಳ್ತಿದ್ದೀನಿ. ಆಮೆನ್ ಹೇಳಿ!

4. ಒಬ್ಬ ತಮ್ಮನ ಲೆಕ್ಕ

ಒಬ್ಬ ತಮ್ಮನ ಒಪ್ಪಿಗೆ ತೊಗೊಂಡೇ ಇದನ್ನ ಹೇಳ್ತೀನಿ. ಹೆಸರು, ಊರು, ಕೆಲಸ ಹೇಳೋದಿಲ್ಲ. ನೀವೂ ಹುಡುಕಬೇಡಿ. ಅವನ ಅಪ್ಪ ತೊಗರಿ ಮಾರಿ, ಅಕ್ಕನ ಮದುವೆಗೆ ಅಂತ ಹಣ ಅವನ ಖಾತೆಗೆ ಹಾಕಿದ್ದರು. ಮೊಬೈಲಿನ ಬೆಟ್ಟಿಂಗ್ ಆಟದಲ್ಲಿ ಮೊದಲು ಐನೂರು ಹೋಯಿತು. ಅದನ್ನ ವಾಪಸ್ ತೆಗೀತೀನಿ ಅಂತ ಐದು ಸಾವಿರ. ಹೀಗೇ ಪೂರ್ತಿ ಹೋಯಿತು. ಅದರ ಮೇಲೆ ಲೋನ್ ಆಪಿನ ಸಾಲ. ನಾಲ್ಕು ತಿಂಗಳು ಮನೆಗೆ ಸುಳ್ಳು ಹೇಳಿದ. ಆರಾಧನಾ ತಂಡದಲ್ಲಿ ಗಿಟಾರ್ ನುಡಿಸ್ತಿದ್ದವನು ಸಭೆಗೆ ಬರೋದನ್ನೇ ಬಿಟ್ಟ.

ಕೊನೆಗೆ ಒಂದು ರಾತ್ರಿ ಫೋನ್ ಮಾಡಿದ. 'ದೇವರ ಹತ್ತಿರ ಕ್ಷಮೆ ಕೇಳಿದೀನಿ ಪಾಸ್ಟರ್, ಆದ್ರೆ ಸಮಾಧಾನ ಇಲ್ಲ' ಅಂದ. ನಾನು ಕೇಳಿದೆ, 'ಅಪ್ಪನಿಗೆ ಹೇಳಿದ್ಯಾ?' ಅವನು ಸುಮ್ಮನಾದ.

ಇಬ್ಬರೂ ಊರಿಗೆ ಹೋದೆವು. ಅಪ್ಪ ಅಂಗಳದಲ್ಲಿ ಕೂತಿದ್ದರು. ಹುಡುಗ ನಿಂತುಕೊಂಡೇ ಎಲ್ಲಾ ಹೇಳಿದ. ಎಷ್ಟು, ಯಾವಾಗ, ಯಾರ ಹತ್ತಿರ ಸಾಲ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಾನು ಮನಸ್ಸಿನಲ್ಲೇ ಪ್ರಾರ್ಥನೆ ಮಾಡ್ತಾ ನಿಂತಿದ್ದೆ. ಕೊನೆಗೆ ಅವರು ಹೇಳಿದ್ದು ಇಷ್ಟು: 'ಕೈಕಾಲ ತೊಳ್ಕೋ. ಮೊದಲ ಉಣ್ಣು. ಆಮ್ಯಾಲ ಕುಂತು ಲೆಕ್ಕ ಹಾಕೋಣು.'

ಆ ಅಪ್ಪ ಇನ್ನೂ ವಿಶ್ವಾಸಿ ಅಲ್ಲ. ಯೋಹಾನ 21 ಅವರು ಓದಿಲ್ಲ. ಆದರೆ ಅವತ್ತು ಅವರ ಬಾಯಿಂದ ಬಂದ ಮಾತಿನ ಕ್ರಮ ಅದೇ ಆಗಿತ್ತು.

ಕಥೆ ಇಲ್ಲಿಗೆ ಮುಗೀಲಿಲ್ಲ. ಊಟ ಆಯಿತು, ಲೆಕ್ಕವೂ ಆಯಿತು. ಪ್ರತಿ ತಿಂಗಳು ಸಂಬಳದಲ್ಲಿ ಇಷ್ಟು ಮನೆಗೆ ಅಂತ ಬರೆದುಕೊಂಡರು, ಎರಡು ವರ್ಷದ ಲೆಕ್ಕ. ಮದುವೆ ಮುಂದಕ್ಕೆ ಹೋಯಿತು. ಅಕ್ಕ ಇನ್ನೂ ಅವನ ಜೊತೆ ಸರಿಯಾಗಿ ಮಾತಾಡೋದಿಲ್ಲ. ಅದು ಅವಳ ಹಕ್ಕು. ದೇವರು ಕ್ಷಮಿಸಿದ್ದಾನೆ ಅಂತ ಹೇಳಿ ಅಕ್ಕನ ಮೇಲೆ ಒತ್ತಡ ಹಾಕಬೇಡ ಅಂತ ನಾನೇ ಅವನಿಗೆ ಹೇಳಿದ್ದೀನಿ. ಗಿಟಾರ್ ಇನ್ನೂ ಹಿಡಿದಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕ್ತಾನೆ. ಅದೂ ಕರ್ತನ ಸೇವೆಯೇ.

ಪ್ರಿಯರೇ, ಕೃಪೆ ಸಾಲದ ರಸೀದಿ ಹರಿದು ಬಿಸಾಡುವ ಮಂತ್ರ ಅಲ್ಲ. ಜಕ್ಕಾಯನನ್ನು ನೋಡಿ, ಲೂಕ 19. ಯೇಸು ಮೊದಲು ಅವನ ಮನೆಗೆ ಹೋದ. ಆಮೇಲೆ ಜಕ್ಕಾಯ ಎದ್ದು ನಿಂತು, ಮೋಸದಿಂದ ತೊಗೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಕೊಟ್ಟದ್ದಕ್ಕೆ ಕ್ಷಮೆ ಸಿಗಲಿಲ್ಲ. ಕ್ಷಮೆ ಸಿಕ್ಕಿದ್ದಕ್ಕೆ ಕೊಟ್ಟ. 'ಹೇಗೂ ಕೃಪೆ ಇದೆ, ಇನ್ನೊಂದು ಸಲ ಮಾಡಿದರೇನು' ಅನ್ನೋರಿಗೆ ಪೌಲನು ರೋಮಾಪುರ 6ನೇ ಅಧ್ಯಾಯದಲ್ಲೇ ಬಾಗಿಲು ಹಾಕಿದ್ದಾನೆ. ಬೆಂಕಿಯಿಂದ ಎತ್ತಿದ ಮಗು ಮತ್ತೆ ಬೆಂಕಿಗೆ ಕೈ ಚಾಚುತ್ತಾ?

5. ಭೀಮೆಯ ಸೀಮೆಯ ಕೃಪಾಸದನ

ಈಗ ನಿಮಗೆ ಒಬ್ಬ ತಾಯಿಯ ವಿಷಯ ಹೇಳಬೇಕು. ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದವರು, ನಮ್ಮ ಕಲಬುರಗಿಗೂ ಋಣ ಇರುವವರು. ಪಂಡಿತಾ ರಮಾಬಾಯಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಮನೆಯ ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಂಡವರು. ಬರಗಾಲದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳಕೊಂಡ ರಮಾಬಾಯಿ ಅಣ್ಣನ ಜೊತೆ ದೇಶವೆಲ್ಲ ನಡೆದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಅನ್ನೋ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷಕ್ಕೆಲ್ಲ ಗಂಡ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಲಂಡನ್ನಿನ ಫುಲ್ಹಮ್‌ನಲ್ಲಿ ಕ್ರೈಸ್ತ ಸಹೋದರಿಯರು ನಡೆಸುತ್ತಿದ್ದ ಒಂದು ಮನೆ ನೋಡಿದರು. ಸಮಾಜವು 'ಕೆಟ್ಟವರು' ಅಂತ ತಳ್ಳಿದ ಸ್ತ್ರೀಯರಿಗೆ ಆಶ್ರಯ ಕೊಡುವ ಮನೆ. ಒಂದು ಕಾಲದಲ್ಲಿ ಅಲ್ಲಿ ಆಶ್ರಯ ಪಡೆದವರೇ ಬದಲಾಗಿ, ರೋಗಿಗಳ ಸೇವೆಗೆ ತಮ್ಮನ್ನ ಕೊಟ್ಟುಕೊಂಡಿದ್ದರು. ರಮಾಬಾಯಿಗೆ ಆಶ್ಚರ್ಯ. ಇಂಥವರನ್ನ ಪ್ರೀತಿಸೋದಕ್ಕೆ ನಿಮಗೆ ಎಲ್ಲಿಂದ ಬಂತು ಅಂತ ಕೇಳಿದರು. ಒಬ್ಬ ಸಹೋದರಿ ಯೋಹಾನ 4ನೇ ಅಧ್ಯಾಯ ತೆಗೆದು, ಬಾವಿಯ ಹತ್ತಿರ ಸಮಾರ್ಯದ ಸ್ತ್ರೀಯನ್ನು ಯೇಸು ಭೇಟಿಯಾದದ್ದನ್ನ ಓದಿ ಹೇಳಿದರು. ಆ ವಾಕ್ಯ ಅವರ ಮನಸ್ಸನ್ನು ಹಿಡಿಯಿತು. ಅದೇ ವರ್ಷ ದೀಕ್ಷಾಸ್ನಾನ ಪಡೆದರು.

ಆದರೆ ಕೇಳಿ, ಇದು ನಮ್ಮಂಥ ಸಭೆಗೆ ಬೇಕಾದ ಮಾತು. ದೀಕ್ಷಾಸ್ನಾನ ಆಗಿ ವರ್ಷಗಳು ಕಳೆದ ಮೇಲೂ ಮನಸ್ಸಿಗೆ ಸಮಾಧಾನ ಇರಲಿಲ್ಲ ಅಂತ ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ ಅನ್ನೋದು ಅವರ ಮಾತಿನ ಸಾರ. ಪಂಡಿತೆ ಅನಿಸಿಕೊಂಡವರು, ಶಾಲೆ ಕಟ್ಟಿದವರು, ಬೈಬಲ್ ಬಲ್ಲವರು. ಆದರೂ ಪಾಪದ ಭಾರ ಇಳಿದಿರಲಿಲ್ಲ. ವಿಲಿಯಂ ಹ್ಯಾಸ್ಲಮ್ ಅನ್ನೋ ಇಂಗ್ಲೆಂಡಿನ ಬೋಧಕರ ಆತ್ಮಕಥೆ ಅವರ ಕೈಗೆ ಬಂತು. ಆ ಬೋಧಕರು 1851ರಲ್ಲಿ ತಾವೇ ಪ್ರಸಂಗ ಮಾಡುತ್ತಾ ಪೀಠದ ಮೇಲೆ ನಿಂತಿರುವಾಗಲೇ ರಕ್ಷಣೆ ಹೊಂದಿದವರು! ಅದನ್ನ ಓದಿದ ರಮಾಬಾಯಿ ತಮಗೆ ಬೇಕಾದದ್ದು ಇನ್ನಷ್ಟು ಪ್ರಯತ್ನ ಅಲ್ಲ, ಸ್ವತಃ ಕ್ರಿಸ್ತನೇ ಅಂತ ತಿಳಕೊಂಡರು. ಪಾಪಿಯಾಗಿ, ಬರಿಗೈಯಲ್ಲಿ, ಅವನ ಹತ್ತಿರ ಬಂದರು. ಭಾರ ಇಳಿಯಿತು.

ಆಮೇಲೆ ಪುಣೆ ಹತ್ತಿರ, ದೌಂಡ್ ಕಡೆಯ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿದರು. 1896–97ರ ಬರಗಾಲ, 1900ರ ಬರಗಾಲ, ಎರಡರಲ್ಲೂ ನೂರಾರು ಹೆಣ್ಣುಮಕ್ಕಳನ್ನ ಕರೆತಂದು ಉಳಿಸಿದರು. ಮೋಸಹೋದ, ಕೆಡಿಸಲ್ಪಟ್ಟ, ಎಲ್ಲರೂ ಕೈಬಿಟ್ಟ ಸ್ತ್ರೀಯರಿಗೆ ಅಲ್ಲೇ ಒಂದು ಮನೆ ಮಾಡಿದರು. ಆ ಮನೆಗೆ ಇಟ್ಟ ಹೆಸರು ಏನು ಗೊತ್ತಾ? ಕೃಪಾಸದನ. ಬಾಗಿಲ ಮೇಲೆ 'ಬಿದ್ದವರ ಮನೆ' ಅಂತ ಬರೆಯಲಿಲ್ಲ. ಕೃಪೆಯ ಮನೆ ಅಂತ ಬರೆದರು. ಹಲ್ಲೆಲೂಯ!

ಇಲ್ಲಿ ತಂಗಿಯರಿಗೆ ಒಂದು ಮಾತು. ಆ ಮನೆಗೆ ಬಂದ ಎಷ್ಟೋ ಜನ ತಾವು ತಪ್ಪು ಮಾಡಿದವರಲ್ಲ, ಅವರ ಮೇಲೆ ತಪ್ಪು ನಡೆದಿತ್ತು. ಸಮಾಜ ಮಾತ್ರ ಅವರನ್ನೇ ಕೆಟ್ಟವರು ಅಂದಿತು. ನಿನ್ನ ಮೇಲೆ ಯಾರೋ ಮಾಡಿದ ಅನ್ಯಾಯವನ್ನ ನಿನ್ನ ಪಾಪ ಅಂತ ಹೊತ್ತುಕೊಂಡು ತಿರುಗ್ತಾ ಇದ್ದೀಯಾ? ಅದಕ್ಕೆ ನೀನು ಕ್ಷಮೆ ಕೇಳಬೇಕಾಗಿಲ್ಲ. ಅದನ್ನ ಇಳಿಸು. ಅದು ನಿನ್ನ ಹೊರೆ ಅಲ್ಲ. ನಮ್ಮ ಸಭೆಯ ಅಕ್ಕಂದಿರ ಹತ್ತಿರ ಮಾತಾಡು. ಪೊಲೀಸರ ಹತ್ತಿರ ಹೋಗಬೇಕಾದರೆ ನಾವು ಜೊತೆಗೆ ಬರ್ತೀವಿ.

1905ರ ಜೂನ್ ತಿಂಗಳಲ್ಲಿ ಮುಕ್ತಿಯಲ್ಲಿ ಪವಿತ್ರಾತ್ಮನ ಮಹಾ ಉಜ್ಜೀವನ ಆಯಿತು. ಅಜೂಸಾ ಸ್ಟ್ರೀಟಿನ ಉಜ್ಜೀವನ 1906ರದ್ದು. ಅದಕ್ಕೂ ಮೊದಲೇ ನಮ್ಮ ದೇಶದ ಒಂದು ಹಳ್ಳಿಯಲ್ಲಿ, ಬರಗಾಲದಿಂದ ಉಳಿದ ಹುಡುಗಿಯರ ನಡುವೆ ಬೆಂಕಿ ಇಳಿಯಿತು. ಅದು ಪಾಪದ ಅರಿಕೆಯಿಂದ, ಕಣ್ಣೀರಿನಿಂದ ಶುರುವಾಗಿ ಸಂತೋಷಕ್ಕೆ ತಿರುಗಿತು. ನಾವು ಪೆಂತೆಕೋಸ್ತಿನವರು ಅಭಿಷೇಕ ಬೇಕು ಅಂತ ಕೂಗ್ತೀವಿ. ಮುಕ್ತಿಯಲ್ಲಿ ಅಭಿಷೇಕ ಇಳಿದದ್ದು ಕೃಪಾಸದನ ಇದ್ದ ಜಾಗದಲ್ಲಿ ಅನ್ನೋದನ್ನ ಮರೀಬಾರದು.

ಅದೇ ರಮಾಬಾಯಿಯವರು 1912ರ ಸುಮಾರಿಗೆ, ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗಾದಲ್ಲಿ ಕ್ರೈಸ್ತ ಶಾಲೆ ತೆರೆದರು. ಮಗಳು ಮನೋರಮಾ ಅದರ ಮುಖ್ಯಸ್ಥೆಯಾಗಿದ್ದರು. 1921ರಲ್ಲಿ ಮಗಳು, 1922ರಲ್ಲಿ ತಾಯಿ ಕರ್ತನ ಬಳಿ ಸೇರಿದರು. ಮುಂದಿನ ಸಲ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವಾಗ ನೆನಪಿಸಿಕೊಳ್ಳಿ, ಅದೇ ಹಳಿ ಕಲಬುರಗಿ, ಸೊಲ್ಲಾಪುರ ದಾಟಿ ದೌಂಡ್, ಕೇಡಗಾಂವ ಕಡೆಗೆ ಹೋಗುತ್ತೆ. ದೌಂಡ್ ಹತ್ತಿರ ಹರಿಯುವ ಭೀಮಾ ನದಿಯೇ ಅಫಜಲಪುರ, ಜೇವರ್ಗಿಗೆ ಇಳಿದು ಬರೋದು. ಕೃಪೆಯೂ ಹಾಗೇ, ಮೇಲಿಂದ ಹರಿದುಬಂದು ನಮ್ಮ ಹೊಲ ಮುಟ್ಟುತ್ತೆ.

6. ಈಗ ಏನು ಮಾಡಬೇಕು?

ಮೊದಲನೇದು, ಹೆಸರಿಟ್ಟು ಹೇಳು. 'ಕರ್ತನೇ, ಏನಾದರೂ ತಪ್ಪಿದ್ದರೆ ಕ್ಷಮಿಸು' ಅನ್ನೋದು ಅರಿಕೆ ಅಲ್ಲ. ಸುಳ್ಳು ಹೇಳಿದೆ, ಕದ್ದೆ, ಆ ಸಂಬಂಧಕ್ಕೆ ಹೋದೆ, ಕುಡಿದೆ ಅಂತ ಹೇಳು. ಪವಿತ್ರಾತ್ಮನು ತಪ್ಪನ್ನು ಬೆರಳಿಟ್ಟು ತೋರಿಸ್ತಾನೆ, ದಾರಿಯನ್ನೂ ತೋರಿಸ್ತಾನೆ. ಸೈತಾನನು ತಪ್ಪನ್ನು ಬಿಟ್ಟು ನಿನ್ನ ಕಡೆಗೇ ಬೆರಳು ಮಾಡ್ತಾನೆ, ನೀನೇ ಕೆಲಸಕ್ಕೆ ಬಾರದವನು ಅಂತಾನೆ, ದಾರಿ ಮಾತ್ರ ತೋರಿಸೋದಿಲ್ಲ. ಎರಡು ದನಿಗಳ ವ್ಯತ್ಯಾಸ ಕಲಿತುಕೋ.

ಎರಡನೇದು, ಒಬ್ಬ ಮನುಷ್ಯನಿಗೆ ಹೇಳು. ಯಾಕೋಬ 5:16. ಗುಟ್ಟು ಇಟ್ಟುಕೊಳ್ಳಬಲ್ಲ, ಪ್ರಾರ್ಥನೆ ಮಾಡಬಲ್ಲ ಒಬ್ಬರಿಗೆ.

ಮೂರನೇದು, ಸರಿಮಾಡೋದಕ್ಕೆ ಆಗುವುದನ್ನ ಈ ವಾರವೇ ಶುರುಮಾಡು. ಆ ಆಪ್ ತೆಗೆದುಹಾಕು. ಆ ನಂಬರ್ ಅಳಿಸು. ಅಪ್ಪನಿಗೆ ಫೋನ್ ಮಾಡು.

ನಾಲ್ಕನೇದು, ಸಿಕ್ಕ ಚಿಕ್ಕ ಕೆಲಸ ಮಾಡು. ಪೀಠ ಬೇಕಾಗಿಲ್ಲ. ಕುರ್ಚಿ ಇದೆ.

ಮುಂದಿನ ಸಾಲಿನವರೇ, ನಿಮಗೂ ಒಂದು ಪ್ರಶ್ನೆ. ನಮ್ಮ ಸಭೆ ಕೃಪಾಸದನವೋ, ಪೊಲೀಸ್ ಠಾಣೆಯೋ? ಒಬ್ಬ ತಂಗಿ ಆರು ತಿಂಗಳ ನಂತರ ಬಾಗಿಲಲ್ಲಿ ಕಾಣಿಸಿದರೆ ನಮ್ಮ ಮೊದಲ ಮಾತು ಏನು? 'ಎಲ್ಲಿ ಹೋಗಿದ್ದೆ ಇಷ್ಟು ದಿನ' ಅಂತನೋ, 'ಬಾರಮ್ಮ, ಊಟ ಆಯ್ತಾ' ಅಂತನೋ? ಒಬ್ಬರ ಬೀಳುವಿಕೆಯನ್ನ ಪ್ರಾರ್ಥನೆ ವಿಷಯ ಅಂತ ಹೇಳಿ ವಾಟ್ಸಾಪ್ ಗುಂಪಿನಲ್ಲಿ ಹಾಕೋದು ಪ್ರಾರ್ಥನೆ ಅಲ್ಲ, ಚಾಡಿ. ಅದನ್ನ ಇವತ್ತೇ ನಿಲ್ಲಿಸೋಣ.

ಎಲ್ಲರೂ ಕಣ್ಣು ಮುಚ್ಚಿ, ತಲೆಬಾಗಿಸಿ. ಸಂಗೀತ ತಂಡದವರು ನಿಧಾನವಾಗಿ ನುಡಿಸಲಿ. ಯಾರೂ ಪಕ್ಕದವರನ್ನ ನೋಡಬೇಡಿ. ಮುಂದೆ ಬರೋದಕ್ಕೆ ಧೈರ್ಯ ಇದ್ದರೆ ಬಾ. ಇಲ್ಲದಿದ್ದರೆ ಕೂತ ಕಡೆಯೇ ಎದೆ ಮೇಲೆ ಕೈ ಇಟ್ಟುಕೋ. ಮೊಬೈಲಿನಲ್ಲಿ ಓದ್ತಾ ಇರೋರೂ ಇಟ್ಟುಕೊಳ್ಳಿ. ನನ್ನ ಜೊತೆ ಪ್ರಾರ್ಥಿಸಿ:

ಕರ್ತನಾದ ಯೇಸುವೇ, ನಾನು ಬಿದ್ದಿದ್ದೇನೆ, ಅದು ನಿನಗೆ ಗೊತ್ತು. ನಾನು ಮಾಡಿದ್ದನ್ನ ಹೆಸರಿಟ್ಟು ನಿನ್ನ ಮುಂದೆ ಇಡ್ತೀನಿ. ನನಗೋಸ್ಕರ ನೀನು ಸುರಿಸಿದ ರಕ್ತದಿಂದ ನನ್ನನ್ನು ತೊಳೆ. ನಾನು ದೂರದಿಂದ ಹಿಂಬಾಲಿಸಿದ್ದು ಸಾಕು, ಹತ್ತಿರ ಬರ್ತೀನಿ. ನಿನ್ನ ಮೇಲೆ ನನಗೆ ಪ್ರೀತಿ ಇದೆ, ಎಷ್ಟು ಇದೆಯೋ ನಿನಗೇ ತಿಳಿದಿದೆ. ಲೆಕ್ಕ ಕೊಡೋದಕ್ಕೆ, ಸರಿಮಾಡೋದಕ್ಕೆ ಬಲ ಕೊಡು. ನನ್ನ ಮೇಲೆ ಅನ್ಯಾಯ ಮಾಡಿದವರ ಹೊರೆಯನ್ನೂ ನಿನ್ನ ಪಾದದಲ್ಲಿ ಇಳಿಸ್ತೀನಿ. ಪವಿತ್ರಾತ್ಮನೇ, ಬಿರಿದ ಈ ಹೃದಯಕ್ಕೆ ಇಳಿದು ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇನೆ ತಂದೆಯೇ. ಆಮೆನ್.

ಈಗ ಯಾರೂ ಬೇಗ ಹೊರಡಬೇಡಿ. ಇವತ್ತು ಸಭೆಯಲ್ಲಿ ಎಲ್ಲರಿಗೂ ಊಟ ಇದೆ. ಪ್ರಾರ್ಥನೆಗೆ ಬಂದವರು ಮೊದಲು ಊಟ ಮಾಡಿ, ಆಮೇಲೆ ನನ್ನ ಹತ್ತಿರ, ಅಕ್ಕಂದಿರ ಹತ್ತಿರ ಕೂತು ಮಾತಾಡಿ. ಕರ್ತನ ಕೃಪೆ ನಿಮ್ಮೆಲ್ಲರೊಂದಿಗೆ ಇರಲಿ. ಹಲ್ಲೆಲೂಯ!